ಅಜ್ಜನ ಬಂದೂಕಿನ ಬೆಲೆ

ತಾಮ್ರದ ಹಂಡೆ, ಬೀಟೆ ಮರದ ಮಂಚ, ಕಬ್ಬಿಣದ ಬೀರು, ನಿಂತುಹೋದ ಗೋಡೆ ಗಡಿಯಾರ. ಇವುಗಳ ಪಟ್ಟಿಯ ನಡುವೆ ಹದಿನೇಳನೆಯ ಸಾಲಿನಲ್ಲಿ “ಬಂದೂಕು, ಒಂದು” ಎಂದು ನಾನೇ ಕೈಯಾರೆ ಬರೆದೆನು. ಉಡುಮಲೈಪೇಟೆಯ ಕಡೆಯ ನಮ್ಮವರ ಮನೆಯೊಂದರಲ್ಲಿ ಪಾಲುಪಟ್ಟಿ ನಡೆಯುತ್ತಿದ್ದಿತು. ಮೂವರು ಅಣ್ಣತಮ್ಮಂದಿರು. ಊರಿನಲ್ಲಿ ಮೇಷ್ಟರೆಂದರೆ ಕಾಗದ ಬರೆಯತಕ್ಕವನೆಂದೇ ಲೆಕ್ಕವಾದ್ದರಿಂದ ನನ್ನನ್ನು ಕರೆಸಿದ್ದರು. ತೋಟ, ಬಾವಿ, ಮನೆ ಇವುಗಳ ವಿಷಯ ಸಲೀಸಾಗಿ ಮುಗಿಯಿತು. ಬಂದೂಕಿಗೆ ಬಂದಾಗ ಮಾತು ನಿಂತಿತು. “ಐದು ಸಾವಿರ ಬರೆಯಿರಿ ಮೇಷ್ಟ್ರೇ” ಎಂದನು ಹಿರಿಯನು. “ಅದು ಇಂಗ್ಲಿಷ್ ಬಂದೂಕು, ಲಕ್ಷಕ್ಕೆ ಕಡಿಮೆ ಯಾರೂ ಕೊಡುವುದಿಲ್ಲ” ಎಂದನು ಕಿರಿಯನು. ನಡುವಿನವನು ಏನೂ ಹೇಳದೆ ಕುಳಿತಿದ್ದನು. ಬೆಲೆಯ ಜಾಗವನ್ನು ಖಾಲಿ ಬಿಟ್ಟು ನಾನು ಹದಿನೆಂಟನೆಯ ಸಾಲಿಗೆ ಹೋಗುವುದರಲ್ಲಿದ್ದೆನು.

ಬಾಗಿಲ ಮರೆಯಲ್ಲಿ ಕುಳಿತಿದ್ದ ಅವರ ತಾಯಿ ಆಗ ಕೇಳಿದರು: “ಅದರ ಪುಸ್ತಕ ಎಲ್ಲಿದೆ?”

ಲೈಸೆನ್ಸಿನ ಪುಸ್ತಕ ಬೀರುವಿನ ಒಳಗೆ, ಹಳೆಯ ಕಂದಾಯದ ರಸೀತಿಗಳ ಕೆಳಗೆ ಸಿಕ್ಕಿತು. ಯಜಮಾನರು ತೀರಿಕೊಂಡು ಹದಿನಾಲ್ಕು ತಿಂಗಳಾಗಿದ್ದಿತು. ಅವರೊಡನೆ ಆ ಪರವಾನಗಿಯೂ ಮುಗಿದಿದ್ದಿತು. ಹದಿನಾಲ್ಕು ತಿಂಗಳಿಂದ ಆ ಮನೆಯಲ್ಲಿ, ಯಾರೊಬ್ಬರ ಹೆಸರಿಗೂ ಸೇರದೆ, ಯಾವ ಅನುಮತಿಯೂ ಇಲ್ಲದೆ ಒಂದು ಬಂದೂಕು, ಜೊತೆಗೆ ಒಂದು ಡಬ್ಬಿಯಷ್ಟು ತೋಟಾಗಳು ಇದ್ದವು. ಮೂವತ್ತು ವರ್ಷ ಪಾಠ ಹೇಳಿದ ನಾನು ಈ ಪ್ರಶ್ನೆಯನ್ನು ಕೇಳಲಿಲ್ಲ. ಅಕ್ಷರ ಬಾರದ ಆ ತಾಯಿ ಕೇಳಿದರು. ಆ ದಿನದಿಂದ ಈ ವಿಷಯವನ್ನು ತಿಳಿದವರಲ್ಲಿ ಕೇಳಿಯೂ ಓದಿಯೂ ಕಲೆಹಾಕಿದ್ದೇನೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಹಳೆಯ ಮನೆಗಳಲ್ಲಿ ಇಂಥ ಹದಿನೇಳನೆಯ ಸಾಲುಗಳು ಇನ್ನೂ ಇರಬಹುದಾದ್ದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಡುತ್ತೇನೆ. ನಾನು ವಕೀಲನಲ್ಲ. ನಿಮ್ಮ ಮನೆಯ ವಿಷಯದಲ್ಲಿ ಕೈಹಾಕುವ ಮೊದಲು ವಕೀಲರನ್ನೂ ಲೆಕ್ಕಿಗರನ್ನೂ ಕೇಳತಕ್ಕದ್ದು.

ನಮ್ಮ ಜನರ ಮನೆಗೆ ಬಂದೂಕು ಹೇಗೆ ಬಂದಿತೆಂಬುದು ಗುಟ್ಟೇನೂ ಅಲ್ಲ. ಪಶ್ಚಿಮ ಘಟ್ಟದ ತಪ್ಪಲಿನ ಹೊಲಗಳಲ್ಲಿ ಹಂದಿಯ ಕಾಟ ಇಂದಿನದಲ್ಲ. ಬೆಳೆ ಕಾಯಲೆಂದು ಕೇಪಿನ ಕೋವಿಗಳನ್ನು ಇಟ್ಟುಕೊಂಡರು. ತೋಟದ ಸಾಹೇಬರು ಊರಿಗೆ ಹಿಂತಿರುಗುವಾಗ ತಮ್ಮ ಜೋಡುನಳಿಗೆಯನ್ನು ಪರಿಚಯದವರಿಗೆ ಮಾರಿಹೋದದ್ದುಂಟು. ೧೮೭೮ರ ಶಸ್ತ್ರ ಕಾಯಿದೆ ಬಂದ ಮೇಲೆ ಭಾರತೀಯನಿಗೆ ಬಂದೂಕಿನ ಪರವಾನಗಿಯೆಂಬುದು ಸರಕಾರದ ಕೃಪೆಯ ಕುರುಹಾಯಿತು. ಆದ್ದರಿಂದ ಅದನ್ನು ಗೋಡೆಗೆ ತೂಗುಹಾಕುವುದು ಮರ್ಯಾದೆಯ ಮಾತಾಯಿತು. ಸ್ವಾತಂತ್ರ್ಯಾನಂತರ ೧೯೫೯ರ ಶಸ್ತ್ರ ಕಾಯಿದೆ ಆ ಹಳೆಯದರ ಜಾಗಕ್ಕೆ ಬಂದಿತು. ಇಂದಿಗೂ ಆಧಾರ ಅದೇ. ಅದರ ಕೆಳಗಿನ ನಿಯಮಗಳು ಮಾತ್ರ ೨೦೧೬ರಲ್ಲಿ ಹೊಸದಾಗಿವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಬೇಕು. “ಕೊಡಗಿನ ನಮ್ಮ ನಂಟರು ಲೈಸೆನ್ಸೇ ಇಲ್ಲದೆ ಕೋವಿ ಇಟ್ಟುಕೊಂಡಿದ್ದಾರಲ್ಲ?” ಎಂದು ಕೇಳುವವರಿದ್ದಾರೆ. ಹೌದು, ಇಟ್ಟುಕೊಂಡಿದ್ದಾರೆ. ಅದು ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿ. ಸ್ವತಂತ್ರ ಭಾರತದ ಸರಕಾರವೂ ಅದನ್ನು ಮುಂದುವರಿಸಿತು. ೨೦೧೯ರಲ್ಲಿ ಹತ್ತು ವರ್ಷದ ಅವಧಿಗೆ, ೨೦೨೯ರ ವರೆಗೆ ಮತ್ತೆ ವಿಸ್ತರಿಸಿತು. ಪ್ರಶ್ನಿಸಿದವರ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ೨೦೨೧ರಲ್ಲಿ ತಳ್ಳಿಹಾಕಿತು. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಜನರ ವಿಶೇಷ ಹಕ್ಕು ಅದು. ಕನ್ನಡ ಮಾತನಾಡುತ್ತೇವೆಂಬ ಕಾರಣಕ್ಕೆ ತಿರುಪ್ಪೂರಿನಲ್ಲಿರುವ ನಮಗೆ ಅದು ಅನ್ವಯಿಸುವುದಿಲ್ಲ.

ಇನ್ನು ಬೆಲೆಯ ಮಾತು. ಒಡವೆಗೆ ಬೆಲೆ ಕಟ್ಟಬೇಕಾದರೆ ಅಕ್ಕಸಾಲಿಗನ ಬಳಿಗೆ ಒಯ್ಯುತ್ತೇವೆ. ಒಡವೆ ಯಾರದೆಂದು ಅವನು ಕೇಳಬಹುದು, ಕೇಳದಿರಬಹುದು. ಬಂದೂಕಿನ ರೀತಿ ಬೇರೆ. ಅದನ್ನು ಕೊಳ್ಳಲು ಅರ್ಹನಾದವನು ಪರವಾನಗಿಯುಳ್ಳವನೊಬ್ಬನೇ. ಮಾರಲು ಅರ್ಹನಾದವನು ಕಾನೂನಿನಂತೆ ಅದನ್ನು ಹೊಂದಿದವನೊಬ್ಬನೇ. ಕಾಗದವಿಲ್ಲದ ಬಂದೂಕಿಗೆ ಪೇಟೆಯೇ ಇಲ್ಲ. ಪೇಟೆಯಿಲ್ಲದ ಸರಕಿಗೆ ಪೇಟೆಬೆಲೆ ಎಲ್ಲಿಂದ ಬರಬೇಕು? ಐದು ಸಾವಿರವೆಂದ ಅಣ್ಣನೂ ಲಕ್ಷವೆಂದ ತಮ್ಮನೂ ಆ ದಿನ ಒಂದೇ ಸಮನಾಗಿ ತಪ್ಪಿದ್ದರು. ಅಂದು ಆ ಬಂದೂಕಿನ ಬೆಲೆ ಸೊನ್ನೆ. ಸೊನ್ನೆಗಿಂತಲೂ ಕೆಳಗೆಂದರೂ ಸಲ್ಲುವುದು. ಏಕೆಂದರೆ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡವನಿಗೆ ೨೦೧೯ರ ತಿದ್ದುಪಡಿಯ ನಂತರ ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಐದು ವರ್ಷದ ವರೆಗೆ ಸೆರೆವಾಸ, ಜೊತೆಗೆ ದಂಡ.

ಹಾಗಾದರೆ ಯಜಮಾನ ತೀರಿಕೊಂಡ ಮನೆಯವರು ಏನು ಮಾಡಬೇಕು? ಕಾಯಿದೆಯ ೨೧ನೆಯ ಪ್ರಕರಣ ಇದಕ್ಕೆ ದಾರಿ ಹೇಳುತ್ತದೆ. ಯಾವ ಕಾರಣದಿಂದಾಗಲಿ ಒಂದು ಆಯುಧವನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿ ಉಳಿಯದೆ ಹೋದರೆ, ಅದನ್ನೂ ಅದರ ತೋಟಾಗಳನ್ನೂ “ಅನಗತ್ಯ ವಿಳಂಬವಿಲ್ಲದೆ” ಸಮೀಪದ ಪೊಲೀಸ್ ಠಾಣೆಯಲ್ಲಾಗಲಿ, ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿಯಲ್ಲಾಗಲಿ ಠೇವಣಿ ಇಡಬೇಕು. ಇಷ್ಟು ದಿನವೆಂದು ಅಲ್ಲಿ ಹೇಳಿಲ್ಲ. ಶಾಲೆಯಲ್ಲಿ ಹುಡುಗರಿಗೆ “ಬೇಗ ಬನ್ನಿ” ಎಂದರೆ ಏನಾಗುತ್ತದೆಂಬುದನ್ನು ದಿನವೂ ನೋಡುವ ನನಗೆ ಈ ಮಾತಿನ ಅಪಾಯ ಚೆನ್ನಾಗಿ ಗೊತ್ತು. ಹದಿಮೂರನೆಯ ದಿನದ ಕಾರ್ಯ ಮುಗಿಯುವ ತನಕವೂ ಕಾಯದಿರುವುದು ಲೇಸು.

ಠೇವಣಿಯಿಟ್ಟ ಮಾತ್ರಕ್ಕೆ ಬಂದೂಕು ಸರಕಾರದ್ದಾಗುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಏಕೆಂದರೆ “ಠಾಣೆಗೆ ಕೊಟ್ಟರೆ ಹೋಯಿತು” ಎಂಬ ಹೆದರಿಕೆಯಿಂದಲೇ ಎಷ್ಟೋ ಮನೆಯವರು ಅಟ್ಟದ ಮೇಲೆ ಬಚ್ಚಿಡುತ್ತಾರೆ. ಠೇವಣಿಯಿಟ್ಟವನಿಗೆ ಅಥವಾ ಅವನ ವಾರಸುದಾರನಿಗೆ ನಿಯಮಿತ ಅವಧಿಯೊಳಗೆ ಎರಡು ಹಕ್ಕುಗಳುಂಟು. ತಾನು ಪರವಾನಗಿ ಪಡೆದು ಅದನ್ನು ಮರಳಿ ಪಡೆಯಬಹುದು. ಇಲ್ಲವೆ ಅರ್ಹನಾದ ಬೇರೊಬ್ಬನಿಗೆ ಮಾರಿ ಹಣವನ್ನು ತಾನು ತೆಗೆದುಕೊಳ್ಳಬಹುದು. ಆ ಅವಧಿಯಲ್ಲಿ ಎರಡನ್ನೂ ಮಾಡದೆ ಸುಮ್ಮನಿದ್ದರೆ ಮಾತ್ರ ಜಿಲ್ಲಾ ಮ್ಯಾಜಿಸ್ಟ್ರೇಟರ ಆಜ್ಞೆಯಿಂದ ಮುಟ್ಟುಗೋಲು. ಅಂದರೆ, ಬಚ್ಚಿಟ್ಟವನ ಬಂದೂಕಿಗೆ ಬೆಲೆಯಿಲ್ಲ, ಠೇವಣಿಯಿಟ್ಟವನ ಬಂದೂಕಿಗೆ ಬೆಲೆಯುಂಟು. ಠಾಣೆಯಲ್ಲಿ ಕೊಡುವ ರಸೀತಿಯಲ್ಲಿ ತಯಾರಕರ ಹೆಸರು, ಬಂದೂಕಿನ ನಂಬರು, ಬೋರು, ತೋಟಾಗಳ ಎಣಿಕೆ ಇವೆಲ್ಲ ಇವೆಯೇ ಎಂದು ಅಲ್ಲಿಯೇ ಓದಿ ನೋಡಬೇಕು. ಚುನಾವಣೆಗಳ ಕಾಲದಲ್ಲಿ ಠೇವಣಿಯಿಟ್ಟು ಮರಳಿ ತಂದ ಹಳೆಯ ರಸೀತಿಗಳು ಸಿಕ್ಕಿದರೆ ಅವನ್ನೂ ಎಸೆಯಬೇಡಿ. ಅದೇ ನಂಬರಿನ ಬಂದೂಕು ಅದೇ ಮನೆಯಲ್ಲಿ ಇಷ್ಟು ವರ್ಷ ಇದ್ದಿತೆಂಬುದಕ್ಕೆ ಅವುಗಳಿಗಿಂತ ಒಳ್ಳೆಯ ಸಾಕ್ಷಿಯಿಲ್ಲ.

ಯಾವ ಕಛೇರಿಗೆ ಹೋಗಬೇಕೆಂಬಲ್ಲಿಯೂ ನಮ್ಮ ಕಡೆಯವರಿಗೆ ಒಂದು ತೊಡಕುಂಟು. ತಿರುಪ್ಪೂರು ಜಿಲ್ಲೆ ಹುಟ್ಟಿದ್ದು ೨೦೦೯ರಲ್ಲಿ. ಉಡುಮಲೈಪೇಟೆ, ಪಲ್ಲಡಂ, ಅವಿನಾಶಿಗಳ ಹಳೆಯ ಪುಸ್ತಕಗಳ ಮೇಲೆ ಕೊಯಮತ್ತೂರು ಕಲೆಕ್ಟರ ಮುದ್ರೆಯಿರುತ್ತದೆ. ಧಾರಾಪುರ, ಕಾಂಗೇಯಂ ಕಡೆಯವುಗಳ ಮೇಲೆ ಈರೋಡಿನದು. ಈಗ ಅರ್ಜಿ ಕೊಡಬೇಕಾದದ್ದು ತಿರುಪ್ಪೂರಿಗೆ. ಕೊಯಮತ್ತೂರು ಅಥವಾ ತಿರುಪ್ಪೂರು ನಗರದ ಪೊಲೀಸ್ ಕಮಿಷನರರ ಎಲ್ಲೆಯೊಳಗೆ ಮನೆಯಿದ್ದರೆ ಪರವಾನಗಿಯ ಅಧಿಕಾರ ಕಲೆಕ್ಟರದಲ್ಲ, ಕಮಿಷನರದು. ಪುಸ್ತಕದಲ್ಲಿ ರಾಷ್ಟ್ರೀಯ ಪಟ್ಟಿಗೆ ಸೇರಿದ ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಅದಿಲ್ಲದ ಪರವಾನಗಿಯನ್ನು ಈಗ ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಾರಸಿನ ಪರವಾನಗಿಗೆ ೨೦೧೬ರ ನಿಯಮಗಳಲ್ಲಿ ಪ್ರತ್ಯೇಕ ಏರ್ಪಾಡಿದೆ. ಯಜಮಾನನ ಮರಣಾನಂತರ ವಾರಸುದಾರರಲ್ಲೊಬ್ಬನು ಅರ್ಜಿ ಕೊಡಬಹುದು. ತಾಸಿಲ್ದಾರರ ವಾರಿಸು ಸರ್ಟಿಫಿಕೇಟೂ ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಒಪ್ಪಿಗೆಯೆಂದರೆ ಅಣ್ಣತಮ್ಮಂದಿರದು ಮಾತ್ರವಲ್ಲ. ಮೈಸೂರಿಗೆ ಮದುವೆಯಾಗಿ ಹೋದ ತಂಗಿಯದೂ ಸೇರಿ. ನಾನು ಬರೆದ ಪಟ್ಟಿಯಲ್ಲಿ ಆ ತಂಗಿಯ ಹೆಸರೇ ಇರಲಿಲ್ಲವೆಂಬುದು ನನ್ನ ಎರಡನೆಯ ತಪ್ಪು. ಇನ್ನೂ ಒಳ್ಳೆಯ ದಾರಿಯೊಂದಿದೆ. ಪರವಾನಗಿದಾರನಿಗೆ ೭೦ ವರ್ಷ ತುಂಬಿದರೆ, ಅಥವಾ ಆ ಬಂದೂಕು ಅವನಲ್ಲಿ ೨೫ ವರ್ಷ ಇದ್ದಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅವನು ಬದುಕಿರುವಾಗಲೇ ಅದನ್ನು ವಾರಸುದಾರನ ಹೆಸರಿಗೆ ಮಾಡಿಸಲು ಕೇಳಿಕೊಳ್ಳಬಹುದು. ನಮ್ಮ ಹಳೆಯ ಮನೆಗಳ ಬಂದೂಕುಗಳಲ್ಲಿ ಹೆಚ್ಚಿನವು ಇಪ್ಪತ್ತೈದು ವರ್ಷವನ್ನು ಎಂದೋ ದಾಟಿವೆ. ಬಂದೂಕಿನ ವಿಷಯವನ್ನು ಅಜ್ಜನಿಗಿಂತ ಚೆನ್ನಾಗಿ ಬಲ್ಲವರು ಮನೆಯಲ್ಲಿ ಯಾರು? ಎಲ್ಲಿ ಕೊಂಡದ್ದು, ಯಾರಿಂದ, ಯಾವ ದುರಸ್ತಿ ಎಂದಾಯಿತು ಎಂಬುದನ್ನು ಅವರ ಬಾಯಿಂದ ಕೇಳಿ ಬರೆದಿಟ್ಟುಕೊಂಡರೆ ಮುಂದೆ ಬೆಲೆ ಕಟ್ಟುವವನಿಗೆ ಅರ್ಧ ಕೆಲಸ ಮುಗಿದಂತೆ.

ಒಬ್ಬನಿಗೆ ಎಷ್ಟು ಬಂದೂಕು ಎಂಬುದಕ್ಕೂ ಮಿತಿಯುಂಟು. ಮೊದಲು ಮೂರಿದ್ದದ್ದು ೨೦೧೯ರ ಡಿಸೆಂಬರಿನಿಂದ ಎರಡಾಯಿತು. ಪಿತ್ರಾರ್ಜಿತವೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಆದುದರಿಂದ ಈಗಾಗಲೇ ಎರಡನ್ನು ಹೊಂದಿದ ಅಣ್ಣನ ಪಾಲಿಗೆ ಅಪ್ಪನ ಬಂದೂಕನ್ನು ಬರೆದರೆ ಆ ಬರಹ ನಿಲ್ಲುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬೆಲೆ ಕಟ್ಟತಕ್ಕವರು ಯಾರು? ಆದಾಯ ತೆರಿಗೆಯ ಕೆಲಸಗಳಿಗೆ ಸರಕಾರದ ಪಟ್ಟಿಯಲ್ಲಿ ದಾಖಲಾದ ಮೌಲ್ಯಮಾಪಕರೆಂಬವರು ಇದ್ದಾರೆ. ಅವರ ವರ್ಗಗಳು ೧೯೫೭ರ ಸಂಪತ್ತು ತೆರಿಗೆ ಕಾಯಿದೆಯ ಕಾಲದವು: ಕಟ್ಟಡ, ಕೃಷಿಭೂಮಿ, ತೋಟ, ಕಾಡು, ಗಣಿ, ಷೇರು, ಯಂತ್ರ, ಒಡವೆ, ಕಲಾಕೃತಿ, ಹೀಗೆ. ಬಂದೂಕಿಗೆಂದು ಅಲ್ಲಿ ವರ್ಗವಿಲ್ಲ. ಆದುದರಿಂದ ಸಾಮಾನ್ಯ ಬಂದೂಕಿಗೆ ಬೆಲೆ ಬರೆದುಕೊಡುವವನು ಪರವಾನಗಿಯುಳ್ಳ ವ್ಯಾಪಾರಿಯೇ. ಅವನು ಅದನ್ನು ದಿನವೂ ಕೊಳ್ಳುವವನು, ಮಾರುವವನು, ಬಲ್ಲವನು ನಿಜ. ಆದರೆ ನಿಮ್ಮ ಬಂದೂಕನ್ನು ನಾಳೆ ತಾನೇ ಕೊಳ್ಳಬಹುದಾದವನೂ ಹೌದು. ದನದ ಸಂತೆಯಲ್ಲಿ ಕೊಳ್ಳುವವನೇ ಹಲ್ಲು ಎಣಿಸಿದಂತೆ. ಹಾಗಾಗಿ ಇಬ್ಬರಿಂದ ಬೇರೆ ಬೇರೆಯಾಗಿ, ಸಾಧ್ಯವಾದರೆ ಒಬ್ಬನು ಬೇರೆ ಊರಿನವನಾಗಿರುವಂತೆ, ಬರವಣಿಗೆಯಲ್ಲಿ ಬೆಲೆ ಪಡೆಯುವುದು ಜಾಣತನ. ಆ ಬರಹದಲ್ಲಿ ಬಂದೂಕಿನ ಪೂರ್ಣ ವರ್ಣನೆ, ನಂಬರು, ಸ್ಥಿತಿ, ನೋಡಿದ ತಾರೀಖು, ಯಾವ ಉದ್ದೇಶಕ್ಕಾಗಿ ಎಂಬುದು, ಬೆಲೆಗೆ ಆಧಾರವೇನೆಂಬುದು, ವ್ಯಾಪಾರಿಯ ಲೈಸೆನ್ಸ್ ನಂಬರು, ಸಹಿ ಇವಿಷ್ಟೂ ಇರಬೇಕು. “ನೋಡಲಾಗಿ ಬೆಲೆ ಇಷ್ಟು” ಎಂಬ ಒಂದು ಸಾಲಿನ ಚೀಟಿ ನ್ಯಾಯಾಲಯದಲ್ಲಾಗಲಿ ತೆರಿಗೆಯ ಕಛೇರಿಯಲ್ಲಾಗಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇನ್ನೊಂದು ಎಚ್ಚರಿಕೆ. ಪರವಾನಗಿ ಮುಗಿದ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ವ್ಯಾಪಾರಿಯ ಬಳಿಗೆ ಒಯ್ಯಬಾರದು. ಮೊಬೈಲಿನಲ್ಲಿ ಚಿತ್ರ ತೆಗೆದು ಕಂಡವರಿಗೆ ಕಳುಹಿಸಿ “ಎಷ್ಟಕ್ಕೆ ಹೋದೀತು?” ಎಂದು ಕೇಳುವುದೂ ಬೇಡ. ನಾನು ಹೇಳಿದ ಮನೆಯವರು ಮೊದಲು ಠಾಣೆಗೆ ತಿಳಿಸಿದರು. ಅಧಿಕಾರಿಯು ತಡ ಮಾಡಿದ್ದಕ್ಕೆ ನಮ್ಮೆಲ್ಲರನ್ನೂ, ನನ್ನನ್ನೂ ಸೇರಿಸಿ, ತರಗತಿಯ ಹುಡುಗರನ್ನು ಗದರಿಸುವಂತೆ ಗದರಿಸಿ, ಬಂದೂಕನ್ನು ಠೇವಣಿಗೆ ತೆಗೆದುಕೊಂಡರು. ಆಮೇಲೆ ಅನುಮತಿ ಪಡೆದು ವ್ಯಾಪಾರಿಯು ಠಾಣೆಗೇ ಬಂದು ನೋಡಿದನು.

ಅವನು ನೋಡಿದ ಬಗೆಯನ್ನು ನಾನು ಪಕ್ಕದಲ್ಲಿ ನಿಂತು ಗಮನಿಸಿದೆನು. ಒಳ್ಳೆಯ ಪಾಠವನ್ನು ಕೇಳಿದಂತಾಯಿತು.

ಮೊದಲು ಕೀಲು ಬಿಚ್ಚಿ ಒಳಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಂಡನು. ಮುಂಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಾದರೆ ಇದು ಅಷ್ಟು ಸುಲಭವಲ್ಲವಂತೆ. ತುಂಬುವ ಸಲಾಕೆಯನ್ನು ನಳಿಗೆಯೊಳಗೆ ಇಳಿಬಿಟ್ಟು ಗುರುತು ಹಾಕಿ, ಹೊರಗೆ ಅದೇ ಅಳತೆಯನ್ನು ನಳಿಗೆಯ ಪಕ್ಕಕ್ಕೆ ಹಿಡಿದು ನೋಡುತ್ತಾರೆ. ಸಲಾಕೆ ಬುಡದವರೆಗೆ ಹೋಗದಿದ್ದರೆ ಒಳಗೆ ಈಡು ಇದೆಯೆಂದು ಅರ್ಥ. ನಲವತ್ತು ವರ್ಷದ ಹಿಂದೆ ತುಂಬಿ ಮರೆತ ಕೋವಿಗಳೂ ಇರುತ್ತವೆ, ಕರಿಮದ್ದು ಒಣಗಿದ್ದರೆ ಇನ್ನೂ ಹೊತ್ತುತ್ತದೆ ಎಂದು ಅವನು ಹೇಳಿದಾಗ ಮನೆಯ ಮೊಮ್ಮಕ್ಕಳು ಅಟ್ಟ ಹತ್ತಿ ಆಡುತ್ತಿದ್ದದ್ದು ನೆನಪಾಗಿ ನನ್ನ ಎದೆ ಝಲ್ಲೆಂದಿತು. ಈ ಪರೀಕ್ಷೆಯನ್ನು ತಿಳಿದವರೇ ಮಾಡಬೇಕು; ನಾವು ಮುಟ್ಟಬಾರದು.

ಆಮೇಲೆ ನಳಿಗೆಯ ಬುಡದ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ನೋಡಿದನು. ಇಂಗ್ಲೆಂಡಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಂಗಳಲ್ಲಿ ಬಂದೂಕುಗಳನ್ನು ಹೆಚ್ಚು ಮದ್ದಿನಿಂದ ಹಾರಿಸಿ ಪರೀಕ್ಷಿಸಿ ಮುದ್ರೆಯೊತ್ತುವ ಶಾಲೆಗಳಿವೆ. ಬರ್ಮಿಂಗ್‌ಹ್ಯಾಮಿನದು ೧೮೧೩ರಿಂದ ಇದೆ. ಬೆಲ್ಜಿಯಂ ದೇಶದ ಲಿಯೇಜ್ ನಗರದ ಮುದ್ರೆ ಬೇರೆ. ಅಂಡಾಕಾರದೊಳಗೆ ಮೂರು ಅಕ್ಷರಗಳು. ಮೇಲ್ಗಡೆ ಇಂಗ್ಲಿಷ್ ಹೆಸರು ಕೆತ್ತಿ, ಕೆಳಗೆ ಬೆಲ್ಜಿಯಂ ಮುದ್ರೆಯುಳ್ಳ ಅಗ್ಗದ ಬಂದೂಕುಗಳು ಆ ಕಾಲದಲ್ಲಿ ರಾಶಿರಾಶಿಯಾಗಿ ಬಂದವು. ಕಿರಿಯನ “ಇಂಗ್ಲಿಷ್ ಬಂದೂಕು” ನಿಜವಾಗಿ ಬರ್ಮಿಂಗ್‌ಹ್ಯಾಮಿನದೇ ಆಗಿದ್ದಿತು. ಅವನ ಮುಖ ಅರಳಿತು.

ಆದರೆ ವ್ಯಾಪಾರಿ ನಳಿಗೆಯ ಮೇಲಿನ ಅಲೆಅಲೆಯ ಗೆರೆಗಳನ್ನು ತೋರಿಸಿದನು. ಕಬ್ಬಿಣ, ಉಕ್ಕುಗಳ ಪಟ್ಟಿಗಳನ್ನು ಹೆಣೆದು ಕಾಯಿಸಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆ ಅದು. ನೋಡಲು ಬಲು ಚೆಲುವು. ಆದರೆ ಅದು ಕರಿಮದ್ದಿನ ಕಾಲದ್ದು. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿ ಹಾರಿಸಿದರೆ ಸಿಡಿಯುವ ಭಯವುಂಟು. ತೋಟಾ ಕೂರುವ ಗೂಡು ಹಳೆಯ ಎರಡೂವರೆ ಅಂಗುಲದ್ದು. ಈಗ ಸಿಗುವವು ಎರಡೂಮುಕ್ಕಾಲು ಅಂಗುಲದವು. ನಳಿಗೆಯ ಒಳಗೆ ತುಕ್ಕಿನ ಕುಳಿಗಳು. ಮುಂದಿನ ಮರವನ್ನು ಹಿಡಿದು ಮೆಲ್ಲನೆ ಅಲುಗಿಸಿದಾಗ ಕೀಲು ಕಟಕಟವೆಂದಿತು. ಹಿಂಬದಿಯ ಮರ ಸೀಳಿದ್ದನ್ನು ತಾಮ್ರದ ತಂತಿಯಿಂದ ಕಟ್ಟಿದ್ದರು. ಕೊನೆಯದಾಗಿ, ಹಿರಿಯನು ಪಾಲಿಗೆ ಮೊದಲು ಚೊಕ್ಕಟವಾಗಿರಲೆಂದು ಉಪ್ಪುಕಾಗದದಿಂದ ಉಜ್ಜಿ ಥಳಥಳಿಸುವಂತೆ ಮಾಡಿದ್ದನು. “ಇದೊಂದನ್ನು ಮಾಡದೆ ಇದ್ದಿದ್ದರೆ ಸ್ವಲ್ಪ ಹೆಚ್ಚು ಬರೆಯುತ್ತಿದ್ದೆ” ಎಂದನು ವ್ಯಾಪಾರಿ. ಹಳೆಯ ವಸ್ತುವಿನ ಮೂಲ ಬಣ್ಣವೇ ಅದರ ಜಾತಕ; ಉಜ್ಜಿ ತೆಗೆದರೆ ಮರಳಿ ಬಾರದು.

ಹನ್ನೆರಡು ಬೋರು ಎಂದರೇನೆಂದು ನಾನು ಕೇಳಿದೆನು; ಕೇಳದೆ ಇರಲಾಗಲಿಲ್ಲ. ಆ ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡಾದರೆ ಒಂದು ಪೌಂಡು ತೂಗುತ್ತವೆ, ಅಷ್ಟೆ. ಆದುದರಿಂದಲೇ ಇಪ್ಪತ್ತು ಬೋರು ಹನ್ನೆರಡಕ್ಕಿಂತ ಚಿಕ್ಕದು. ಸಂಖ್ಯೆ ದೊಡ್ಡದಾದಂತೆ ವಸ್ತು ಚಿಕ್ಕದಾಗುವ ಈ ಲೆಕ್ಕವನ್ನು ಮರುದಿನ ಏಳನೆಯ ತರಗತಿಗೆ ವಿಲೋಮ ಪ್ರಮಾಣದ ಉದಾಹರಣೆಯಾಗಿ ಹೇಳಿದೆನು. ಹುಡುಗರು ಎಂದಿಗಿಂತ ಹೆಚ್ಚು ಗಮನಕೊಟ್ಟರು.

ಬೆಲೆ ಬಂದಿತು. ಅಣ್ಣ ಹೇಳಿದ್ದಕ್ಕಿಂತ ತುಸು ಹೆಚ್ಚು. ತಮ್ಮ ಹೇಳಿದ್ದರಲ್ಲಿ ಹತ್ತನೆಯ ಒಂದು ಭಾಗವೂ ಅಲ್ಲ. ತಮ್ಮನಿಗೆ ಲಕ್ಷದ ಮಾತನ್ನು ಹೇಳಿದವರು ಸುಳ್ಳು ಹೇಳಿರಲಿಲ್ಲ; ಬೇರೆ ವಸ್ತುವಿನ ಬೆಲೆಯನ್ನು ಹೇಳಿದ್ದರು. ೧೯೮೦ರ ದಶಕದಲ್ಲಿ ಹೊರದೇಶದಿಂದ ಖಾಸಗಿಯವರು ಬಂದೂಕು ತರಿಸುವುದು ನಿಂತುಹೋದ ಮೇಲೆ ಇಲ್ಲಿ ಉಳಿದ ವಿದೇಶಿ ಪಿಸ್ತೂಲು, ರಿವಾಲ್ವರುಗಳಿಗೆ ಅವುಗಳ ತವರಿನಲ್ಲಿಲ್ಲದ ಬೆಲೆ ಬಂದಿತು. ಉದ್ದ ನಳಿಗೆಯ ಹಳೆಯ ಬಂದೂಕಿಗೆ ಆ ಯೋಗವಿಲ್ಲ. ಎರಡರ ಮಿತಿ ಬಂದ ಮೇಲೆ ಮೂರನೆಯದನ್ನು ಬಿಟ್ಟುಕೊಡಬೇಕಾದವರು ಮೊದಲು ಕೈಬಿಡುವುದೂ ಇಂಥದನ್ನೇ.

ಕಿರಿಯನ ತಲೆಯಲ್ಲಿ ಇನ್ನೊಂದು ಸುದ್ದಿಯೂ ಇದ್ದಿತು. ಇಂಗ್ಲೆಂಡಿನ ಬರ್ಕ್‌ಷೈರಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ ಟಿಪ್ಪು ಸುಲ್ತಾನನ ಕಾಲದ ಬೆಳ್ಳಿಕಟ್ಟಿನ ಬಂದೂಕು ೨೦೧೯ರ ಮಾರ್ಚಿಯ ಹರಾಜಿನಲ್ಲಿ ೬೦,೦೦೦ ಪೌಂಡಿಗೆ ಹೋಯಿತು. “ನಮ್ಮ ಕೊಯಮತ್ತೂರೂ ೧೭೯೯ರ ತನಕ ಮೈಸೂರಿನ ಕೈಯಲ್ಲೇ ಇದ್ದಿತಲ್ಲ ಸಾರ್” ಎಂದನು. ಇದ್ದಿತು ನಿಜ. ಆದರೆ ಆ ಬಂದೂಕಿಗೆ ಬೆಲೆ ತಂದದ್ದು ಅದರ ಕಬ್ಬಿಣವಲ್ಲ; ಶ್ರೀರಂಗಪಟ್ಟಣ ಬಿದ್ದಾಗ ಒಯ್ದ ಕಂಪನಿಯ ಅಧಿಕಾರಿಯಿಂದ ಹಿಡಿದು ಅಟ್ಟದವರೆಗೆ ಕಡಿಯದೆ ಬಂದ ಚರಿತ್ರೆ. ನಮ್ಮ ಬಂದೂಕಿನ ಚರಿತ್ರೆ ಒಬ್ಬ ತೋಟದ ಸಾಹೇಬನಲ್ಲಿಗೆ ನಿಲ್ಲುತ್ತದೆ. ಅವನ ಹೆಸರೂ ಯಾರಿಗೂ ನೆನಪಿಲ್ಲ.

ನಿಜವಾಗಿ ಹಳೆಯದಾದ, ಬೆಳ್ಳಿ ಚಿನ್ನದ ಕೆಲಸವಿರುವ ಆಯುಧ ಯಾರ ಮನೆಯಲ್ಲಾದರೂ ಇದ್ದರೆ ಅವರು ಎರಡು ಕಾಯಿದೆಗಳನ್ನು ಒಟ್ಟಿಗೆ ನೆನೆಯಬೇಕು. ನೂರು ವರ್ಷ ತುಂಬಿದ ಚಾರಿತ್ರಿಕ ವಸ್ತು ೧೯೭೨ರ ಪುರಾತನ ವಸ್ತುಗಳ ಕಾಯಿದೆಯ ಕೆಳಗೆ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಆದುದರಿಂದ ಲಂಡನ್ನಿನ ಹರಾಜಿನ ಬೆಲೆಯನ್ನು ನಮ್ಮ ಪಟ್ಟಿಯಲ್ಲಿ ಬರೆಯುವುದು ವ್ಯರ್ಥ. ಎರಡನೆಯದಾಗಿ, ನೂರು ವರ್ಷವಾಯಿತೆಂದ ಮಾತ್ರಕ್ಕೆ ಶಸ್ತ್ರ ಕಾಯಿದೆಯಿಂದ ಬಿಡುಗಡೆಯಿಲ್ಲ. ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಿನಂತೆ ಬಳಸಲು ಬಾರದ ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಕ್ಕೆ ಮಾತ್ರ ೪೫ನೆಯ ಪ್ರಕರಣದ ವಿನಾಯಿತಿ. “ಕೆಟ್ಟುಹೋಗಿದೆ” ಎಂದು ನಾವೇ ತೀರ್ಮಾನಿಸಿಕೊಂಡರೆ ಸಾಲದು. ಬಲ್ಲವರು ನೋಡಿ ಬರೆದುಕೊಡಬೇಕು. ಕುದುರೆ ಮುರಿದ ಕೋವಿಗೆ ಕಮ್ಮಾರ ಒಂದು ದಿನದಲ್ಲಿ ಕುದುರೆ ಮಾಡಿಕೊಟ್ಟಾನು.

ಈಗ ತೆರಿಗೆ. ಈ ಮಾತು ಬಂದೊಡನೆ ಹಿರಿಯರು ದನಿ ತಗ್ಗಿಸುತ್ತಾರೆ, ಅದಕ್ಕೆ ಕಾರಣವಿದೆ. ೧೯೫೩ರಿಂದ ನಮ್ಮಲ್ಲಿ ಮರಣಾನಂತರದ ಆಸ್ತಿ ತೆರಿಗೆಯಿದ್ದಿತು. ಸತ್ತವನ ಚರಸ್ವತ್ತಿಗೂ ಆ ದಿನದ ಪೇಟೆಬೆಲೆ ಕಟ್ಟಬೇಕಾಗಿದ್ದುದರಿಂದ ಬೆಲೆಯನ್ನು ಕಡಿಮೆ ಬರೆಯುವುದೇ ಜಾಣತನವೆಂದು ಆ ತಲೆಮಾರು ಕಲಿಯಿತು. ಆ ತೆರಿಗೆ ೧೯೮೫ರ ಮಾರ್ಚಿಯಲ್ಲಿ ಹೋಯಿತು. ಸಂಪತ್ತು ತೆರಿಗೆಯೂ ೨೦೧೫ರ ಮುಂಗಡಪತ್ರದಿಂದ ರದ್ದಾಯಿತು. ಇಂದು ತಂದೆಯ ಬಂದೂಕು ಮಗನಿಗೆ ವಾರಸಿನಿಂದ ಬಂದರೆ ಅದಕ್ಕೆ ತೆರಿಗೆಯಿಲ್ಲ. ಆದರೂ ಅಣ್ಣನ ಐದು ಸಾವಿರದಲ್ಲಿ ಅವನ ಅಜ್ಜನ ಕಾಲದ ಆ ಹೆದರಿಕೆ ಇನ್ನೂ ಉಸಿರಾಡುತ್ತಿದ್ದಿತೆಂದು ನನಗೆ ತೋರಿತು.

ಮಾರಿದರೆ? ಮನೆಯವರು ಸ್ವಂತಕ್ಕಿಟ್ಟುಕೊಂಡ ಸಾಮಾನ್ಯ ಚರವಸ್ತುವನ್ನು ಮಾರಿದಾಗ ಬಂಡವಾಳ ಲಾಭದ ತೆರಿಗೆಯ ಪ್ರಶ್ನೆ ಏಳುವುದಿಲ್ಲ. ಒಡವೆ, ಚಿತ್ರ, ಶಿಲ್ಪ, ಕಲಾಕೃತಿ, ಪುರಾತತ್ತ್ವ ಸಂಗ್ರಹ ಇವು ಮಾತ್ರ ಆ ಬಿಡುಗಡೆಯ ಹೊರಗೆ. ಬೆಳೆ ಕಾಯುವ ಹನ್ನೆರಡು ಬೋರಿಗೂ ರತ್ನ ಕೂರಿಸಿದ ಅರಮನೆಯ ಬಂದೂಕಿಗೂ ಇಲ್ಲಿ ದಾರಿ ಬೇರೆಯಾಗುತ್ತದೆ. ಎರಡನೆಯದು ಕಲಾಕೃತಿಯೆಂದು ಎಣಿಕೆಯಾದರೆ ಮಾರಿದ ಬೆಲೆಯಲ್ಲಿ ಮೂಲ ಬೆಲೆಯನ್ನು ಕಳೆದು ಉಳಿದ ಲಾಭಕ್ಕೆ ತೆರಿಗೆ. ವಾರಸಿನಲ್ಲಿ ಬಂದದ್ದಕ್ಕೆ ಹಿಂದಿನ ಯಜಮಾನ ಕೊಟ್ಟದ್ದೇ ಮೂಲ ಬೆಲೆ. ೨೦೦೧ರ ಏಪ್ರಿಲ್ ೧ಕ್ಕಿಂತ ಹಿಂದಿನ ಸ್ವತ್ತಾದರೆ ಆ ದಿನದ ನ್ಯಾಯವಾದ ಪೇಟೆಬೆಲೆಯನ್ನು ಹಿಡಿಯಬಹುದು. ನಿಜವಾದ ಮೌಲ್ಯಮಾಪನ ಬೇಕಾಗುವುದು ಇಲ್ಲಿ. ಇಂದಿನ ಬೆಲೆಯಲ್ಲ, ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ದಿನದ ಬೆಲೆ. ಕಲಾಕೃತಿಗಳ ವರ್ಗದ ಮೌಲ್ಯಮಾಪಕರು ಪ್ರಯೋಜನಕ್ಕೆ ಬರುವುದೂ ಆಗಲೇ.

ಒಂದೇ ಬಂದೂಕಿಗೆ ಒಂದೇ ಬೆಲೆಯಿಲ್ಲವೆಂಬುದನ್ನು ನಾನು ಇದರಿಂದ ಕಲಿತೆನು. ಉಯಿಲಿನ ಅರ್ಜಿಯೊಡನೆ ನ್ಯಾಯಾಲಯಕ್ಕೆ ಕೊಡುವ ಆಸ್ತಿಪಟ್ಟಿಯಲ್ಲಿ ಒಂದು, ಅಣ್ಣತಮ್ಮಂದಿರ ಪಾಲಿಗೆ ಇಂದು ಪರವಾನಗಿಯುಳ್ಳವನು ಕೊಡಬಹುದಾದ ಇನ್ನೊಂದು, ವಿಮೆಗಾದರೆ ಅಂಥದನ್ನೇ ಮತ್ತೆ ಕೊಳ್ಳಲು ತಗಲುವ ಮಗದೊಂದು. ಯಾವುದಕ್ಕೆಂದು ಹೇಳದೆ ಕೇಳಿದರೆ ವ್ಯಾಪಾರಿ ತನಗೆ ಅನುಕೂಲವಾದುದನ್ನು ಬರೆಯುತ್ತಾನೆ.

ಮಾರುವಾಗ ಇನ್ನೊಂದು ಮಾತು. ಪರವಾನಗಿಯುಳ್ಳ ಖಾಸಗಿಯವನಿಗೆ ನೇರವಾಗಿ ಮಾರುವುದಾದರೆ, ಕೊಳ್ಳುವವನ ಹೆಸರು ವಿಳಾಸದೊಡನೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಸಮೀಪದ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ೪೫ ದಿನ ಕಳೆದ ಮೇಲೆಯೇ ಕೈಬದಲಾಯಿಸಬೇಕು. ಹಣವನ್ನು ಮುಂಚೆ ಪಡೆದು ಬಂದೂಕನ್ನು ಆಮೇಲೆ ಕೊಡುತ್ತೇವೆಂಬ ಬಾಯಿಮಾತಿನಿಂದ ಜಗಳ ಹುಟ್ಟುತ್ತದೆ.

ನಮ್ಮ ಕಥೆಯ ನಡುವಿನ ಮಗ, ಮಾತನಾಡದೆ ಕುಳಿತಿದ್ದವನು, ತೋಟದಲ್ಲೇ ವಾಸಿಸುವವನು. ತನಗೆ ಹಣ ಬೇಡ, ಅಪ್ಪನ ಬಂದೂಕು ಬೇಕೆಂದು ಕೊನೆಗೆ ಹೇಳಿದನು. ವಾರಸಿನ ಪರವಾನಗಿಗೆ ಅರ್ಜಿ ಹಾಕಿದ್ದಾನೆ. ಪೊಲೀಸ್ ವರದಿ ಆಗಬೇಕಾಗಿದೆ. ಮೈಸೂರಿನ ತಂಗಿ ತನ್ನ ಒಪ್ಪಿಗೆಪತ್ರವನ್ನು ಅಂಚೆಯಲ್ಲಿ ಕಳುಹಿಸಿ, ಜೊತೆಗೆ ಒಂದು ಸಾಲು ಬರೆದಿದ್ದಳು: ಚಿಕ್ಕಂದಿನಲ್ಲಿ ಹಂದಿ ಕಾಯುವ ರಾತ್ರಿ ಅಪ್ಪ ಅವಳನ್ನು ಅಟ್ಟಣೆಗೆ ಕರೆದೊಯ್ದು, ಬಂದೂಕು ಹಾರಿಸುವ ಮುನ್ನ ಅವಳ ಎರಡೂ ಕಿವಿಗಳಲ್ಲಿ ಅರಳೆ ಇಡುತ್ತಿದ್ದರಂತೆ.

ಹದಿನೇಳನೆಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದೆನು. ತಯಾರಾದ ಊರು, ನಂಬರು, ಬೋರು, ಠೇವಣಿಯ ರಸೀತಿಯ ಸಂಖ್ಯೆ, ತಾರೀಖು, ಇಬ್ಬರು ವ್ಯಾಪಾರಿಗಳು ಬರೆದ ಬೆಲೆ. ಎರಡನೆಯ ಮಗನಿಗೆ ಪರವಾನಗಿ ದೊರೆತಲ್ಲಿ ಬಂದೂಕು ಅವನಿಗೆ, ಉಳಿದವರ ಪಾಲಿಗೆ ಅವನು ಕೊಡತಕ್ಕ ಹಣ ಇಷ್ಟು. ಪರವಾನಗಿ ದೊರೆಯದಿದ್ದಲ್ಲಿ ಠೇವಣಿಯ ಅವಧಿಯೊಳಗೆ ಮಾರಿ, ಬಂದ ಹಣ ತಾಯಿಗೂ ನಾಲ್ವರು ಮಕ್ಕಳಿಗೂ ಸಮಪಾಲು. ಒಂದು ಸಾಲಿದ್ದದ್ದು ಒಂದು ಪುಟವಾಯಿತು. ತಾಯಿ ಅದನ್ನು ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿ, ಠಾಣೆಯ ರಸೀತಿಯನ್ನು ಮಾತ್ರ ತಾವೇ ತೆಗೆದುಕೊಂಡು ಮನೆಯ ಪಟ್ಟಾದ ಜೊತೆಗೆ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.